ಡಬಲ್ ಬೆಲ್

ಆರಾಧನೆ ಮುಗಿದ ಮೇಲೆ ಅಯ್ಯನವರು ಕರೆದು ಹೇಳಿದರು:
"ಹೇಗೂ ನೀವು ಕಂಡಕ್ಟರ್ ಅಲ್ವಾ,
ಈ ಕ್ವಾಯರೂ ನೀವೇ ನೋಡಿಕೊಳ್ಳಿ ಮಾರಾಯ್ರೆ."
ತಮಾಷೆಗೆ ಅಂದದ್ದು. ನಾನು ನಕ್ಕು ಮುಗಿಸುವಷ್ಟರಲ್ಲಿ
ಪ್ರಕಟಣೆಯ ಹಾಳೆಯಲ್ಲಿ ನನ್ನ ಹೆಸರು ಬಿದ್ದಿತ್ತು.

ನನಗೆ ಗೊತ್ತಿದ್ದದ್ದು ಎರಡೇ ಸ್ವರ:
ಒಂದು ಬೆಲ್ಲಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಕಾಸರಗೋಡಿನಿಂದ ತಲಪಾಡಿ, ತಲಪಾಡಿಯಿಂದ ಕಾಸರಗೋಡು,
ಹಗ್ಗ ಎಳೆದೆಳೆದು ಹದಿನಾಲ್ಕು ವರ್ಷ,
ಬೆರಳಲ್ಲಿ ದಡ್ಡು.

ಮೊದಲ ಶನಿವಾರ ಬಂದವರು ಐದು ಜನ.
ಸದ್ಗುಣ ಟೀಚರ್, ಕೊಡೆ ಕೂಡ ಮಡಚದೆ, "ಬೇಗ ಬಿಡ್ತೀರಲ್ಲ?"
ಹಂಚಿನ ಕಾರ್ಖಾನೆ ಮುಚ್ಚುವವರೆಗೂ ಅಲ್ಲಿದ್ದ ಎಫ್ರಾಯಿಮಜ್ಜ,
ಎಡಗಿವಿಯನ್ನು ಅಲ್ಲೇ ಯಂತ್ರಕ್ಕೆ ಕೊಟ್ಟು ಬಂದವರು.
ಜೆಮೀಮ, ರಾತ್ರಿಪಾಳಿಯ ನರ್ಸ್, ಆಕಳಿಕೆಯೂ ಶ್ರುತಿಯಲ್ಲೇ.
ಮತ್ತೆ ಅಕ್ಸಾ, ಅಬಿನ್, ಅವಳಿ ಮಕ್ಕಳು, ಮಲಯಾಳಂ ಮೀಡಿಯಂ:
ಕನ್ನಡ ಮಾತಾಡ್ತಾರೆ, ಓದಲು ಬಾರದು.
ನಾನು ಹಾಡನ್ನು ಸಾಲು ಸಾಲಾಗಿ ಹೇಳಿದೆ,
ಅವರು ಗುಂಡಗಿನ ಮಲಯಾಳ ಅಕ್ಷರದಲ್ಲಿ ಬರೆದುಕೊಂಡರು.
ಆ ಪುಸ್ತಕದಲ್ಲಿ ನಮ್ಮ ದೇವರು
ಗಡಿ ದಾಟಿದ್ದೇ ತಿಳಿಯದ ಪ್ರಯಾಣಿಕನ ಹಾಗೆ
ಆರಾಮವಾಗಿ ಕೂತಿದ್ದ.

ಹಾರ್ಮೋನಿಯಂನ ಮೇಲಿನ ಪ ಒತ್ತಿದರೆ ಏಳುವುದಿಲ್ಲ,
ಉಪ್ಪುಗಾಳಿ ತಿಂದದ್ದು. ಬೆಂಕಿಕಡ್ಡಿ ಸಿಕ್ಕಿಸಿದೆ.
ಏಳು ಹತ್ತಕ್ಕೆ ರೈಲು. ಹಳಿ ನಮ್ಮ ಗೋಡೆಯಿಂದ ಕಲ್ಲೆಸೆತದ ದೂರ.
ಅದು ಹೋಗುವವರೆಗೆ ಅರ್ಧ ಶಬ್ದದಲ್ಲಿ
ಬಾಯಿ ತೆರೆದುಕೊಂಡೇ ಕಾಯುತ್ತೇವೆ.
ದಮ್ಮು ಹಿಡಿಯಲು ಇವರಿಗೆ ಕಲಿಸಿದ್ದು
ನಾನಲ್ಲ, ಮಂಗಳೂರು ಗಾಡಿ.

ಕೈ. ಕೈಯೇ ಕಷ್ಟ.
ಗಾಳಿಯಲ್ಲಿ ಎತ್ತಿದ ಕೈ ಏನು ಮಾಡಬೇಕು?
ಕಂಬಿ ಇಲ್ಲ, ಹಗ್ಗ ಇಲ್ಲ, ಎಣಿಸಲು ಚಿಲ್ಲರೆ ಇಲ್ಲ.
ರಾತ್ರಿ ಕನ್ನಡಿಯ ಮುಂದೆ ಬೀಸಿ ನೋಡಿದೆ.
ಹೆಂಡತಿ ಬಾಗಿಲಲ್ಲಿ ನಿಂತು: "ಎಂತ, ಸೊಳ್ಳೆಯಾ?"

ಬೆಳೆಹಬ್ಬದ ಭಾನುವಾರ.
ಮೆಟ್ಟಿಲ ಮೇಲೆ ಕುಂಬಳ, ಬಾಳೆಗೊನೆ, ಬಸಳೆಯ ಕಟ್ಟು,
ಏಲಂಗೆ ಬಂದ ಹುಂಜ, ಕಾಲು ಕಟ್ಟಿಸಿಕೊಂಡು.
ಕೈ ಎತ್ತಿದೆ. ಶ್ರುತಿ ಕೊಟ್ಟೆ.
ಕೊಟ್ಟದ್ದು ಎಷ್ಟು ಎತ್ತರವೆಂದರೆ
ಜೆಮೀಮ ಒಬ್ಬಳೇ ಹತ್ತಿದಳು, ಉಳಿದವರೆಲ್ಲ ಸ್ಟಾಪಿನಲ್ಲೇ.
ಎರಡನೇ ಚರಣಕ್ಕೆ ಟೀಚರ್ ಕನ್ನಡಕ ತೆಗೆದು ಒರೆಸತೊಡಗಿದರು.
ಮಕ್ಕಳು ಒಂದು ಪುಟ ಹಾರಿದರು.
ಹುಂಜ ಕೂಗಿತು, ಸರಿಯಾದ ಶ್ರುತಿಯಲ್ಲಿ.
ಹಿಂದಿನ ಬೆಂಚಿನಲ್ಲಿ ಯಾರೋ
ನಗುವನ್ನು ಕೆಮ್ಮಿನೊಳಗೆ ಮುಚ್ಚಿದರು.
ನಾನು ಕೈ ಇಳಿಸಿದೆ. ಒಂದು ಬೆಲ್. ನಿಂತುಬಿಟ್ಟೆವು.

ಎಫ್ರಾಯಿಮಜ್ಜ ಮಾತ್ರ ನಿಲ್ಲಲಿಲ್ಲ.
ಅವರಿಗೆ ನಮ್ಮ ಸೋಲು ಕೇಳಿಸಲೇ ಇಲ್ಲ.
ಕಣ್ಣು ಮುಚ್ಚಿ, ಹಾಡಿನ ತಳ ಮಾತ್ರ,
ಹಸಿ ಹಂಚನ್ನು ಒಂದೊಂದಾಗಿ ಸಾಲಿಗಿಡುವ ಹಾಗೆ
ಇಡುತ್ತಾ ಹೋದರು.
ಅದೇನು ಹಾಡೆಂದು ಹೊಸಬರಿಗೆ ತಿಳಿಯುವಂತಿರಲಿಲ್ಲ.
ಅಬಿನ್ ನನ್ನ ಮುಖ ನೋಡಿದ. ನಾನು ಕೈ ಎತ್ತಲಿಲ್ಲ.
ಅವನೇ ಹತ್ತಿದ. ಅಕ್ಸಾ ಹತ್ತಿದಳು. ಟೀಚರ್, ಜೆಮೀಮ,
ಆಮೇಲೆ ಬೆಂಚುಗಳು, ಹೊರಟ ಬಸ್ಸಿಗೆ
ಸೀರೆಯ ನೆರಿಗೆ ಹಿಡಿದು ಓಡಿ ಬರುವವರ ಹಾಗೆ.
ಎಲ್ಲರೂ ಒಳಗಾದ ಮೇಲೆ ನಾನು, ಫುಟ್‌ಬೋರ್ಡಿನಲ್ಲಿ.

ಹುಂಜ ಏಳುನೂರಕ್ಕೆ ಹೋಯಿತು.
ಹಾಡು ಹೇಗಿತ್ತೆಂದು ಯಾರೂ ಹೇಳಲಿಲ್ಲ.

ಸೋಮವಾರ, ಬೆಳಗಿನ ಟ್ರಿಪ್, ಕುಂಬಳೆ ಸ್ಟಾಪು.
ಸದ್ಗುಣ ಟೀಚರ್ ಕಿಟಕಿ ಸೀಟಿನಲ್ಲಿ ಗುನುಗುತ್ತಿದ್ದರು,
ತಮ್ಮ ಪಾಲಿನ ಆಲ್ಟೊ ಮಾತ್ರ.
ಒಂಟಿಯಾಗಿ ಕೇಳಿದರೆ ಅದಕ್ಕೆ ತಲೆಬುಡ ಇಲ್ಲ;
ಪಕ್ಕದ ಮೀನಿನ ಬುಟ್ಟಿಯವಳು ಸ್ವಲ್ಪ ಸರಿದು ಕೂತಳು.
ಇಳಿಯುವವರು ಇಳಿದರು, ಹತ್ತುವವರು ಹತ್ತಿದರು.
ಕನ್ನಡಿಯಲ್ಲಿ ಡ್ರೈವರ್ ಅಂದುಂಞಿಯ ಹುಬ್ಬು ಮೇಲಾಯಿತು.
ಹಗ್ಗ ಕೈಯಲ್ಲೇ ಇತ್ತು.
ಅವರ ಸಾಲು ಮುಗಿಯಲಿ ಎಂದು ಕಾದೆ.