ಚೆಕ್ಕರ್

ಇಪ್ಪತ್ತೆಂಟು ವರ್ಷ ನಾನು ಬೀಡಿ ಬ್ರಾಂಚಿನಲ್ಲಿ ಚೆಕ್ಕರ್.
ಕಟ್ಟಿಗೆ ಇಪ್ಪತ್ತೈದು. ಎತ್ತಿ, ಹೆಬ್ಬೆರಳಲ್ಲಿ ಒತ್ತಿ,
ಬೆಳಕಿಗೆ ತಿರುಗಿಸಿ,
ಕಣ್ಣಿಗೆ ಹಿಡಿಸದ್ದನ್ನು ಅವರೆದುರೇ ಮುರಿಯುತ್ತಿದ್ದೆ.
ಟಪ್ ಎನ್ನುವ ಸದ್ದಿಗೆ
ಸಾಲಿನಲ್ಲಿ ನಿಂತ ಹೆಂಗಸರೆಲ್ಲ ಒಮ್ಮೆ ರೆಪ್ಪೆ ಬಡಿಯುತ್ತಿದ್ದರು.
ಅದೂ ಕೆಲಸವೇ. ಅದಕ್ಕೂ ಸಂಬಳವಿತ್ತು.

ಬ್ರಾಂಚು ಮುಚ್ಚಿ ಆರು ವರ್ಷ.
ಮೊನ್ನೆ ಆರಿಕ್ಕಾಡಿಯ ಪೂವಕ್ಕ ಹೇಳಿ ಕಳಿಸಿದ್ದಳು.
ಪಿಎಫ್ ಕಾಗದದಲ್ಲಿ ಅವಳು ಪೂವಮ್ಮ, ಆಧಾರಿನಲ್ಲಿ ಬರೀ ಪೂವು,
ಇಬ್ಬರೂ ಒಬ್ಬಳೇ ಎಂದು ನಾನು ರುಜು ಹಾಕಬೇಕು.
ಹೊಸ ಹೈವೇಯ ಗೋಡೆ ಅವಳ ಅಂಗಳಕ್ಕೆ ಬೆನ್ನು ಕೊಟ್ಟು ನಿಂತಿದೆ.
ಹಳೇ ದಾರಿ ಇಲ್ಲ, ಅಡಿಯಿಂದ ನುಸುಳಿ ಹೋದೆ.

ಜಗಲಿಯ ಗೋಡೆ ತುಂಬ ಬೀಡಿ ಎಲೆ.
ಎಲೆಯಲ್ಲ, ಎಲೆ ಕತ್ತರಿಸಿದ ಮೇಲೆ ಉಳಿಯುವ ಅಂಚು,
ತಗಡಿನ ಅಳತೆಯಿಂದ ಹೊರಗೆ ಬಿದ್ದದ್ದು,
ಬಚ್ಚಲ ಒಲೆಗೆ ಹೋಗುವಂಥದ್ದು.
ಗಂಜಿ ತಿಳಿಯಲ್ಲಿ ಅಂಟಿಸಿದ್ದಾಳೆ:
ಬಂಗುಡೆ, ಬಂಗುಡೆಯ ಹಿಂದೆ ಬೆಕ್ಕು,
ಬೆಕ್ಕಿನ ಹಿಂದೆ ಹಿಡಿಸೂಡಿ ಎತ್ತಿದ ಆಚೆಮನೆ ಅವ್ವಮ್ಮ.
ಎಲೆಯ ನರಗಳೇ ರೈಲಿಗೆ ಹಳಿ.
ಕಟ್ಟುವ ಕೆಂಪು ನೂಲು ಕೋಳಿಯ ಜುಟ್ಟು.

ಮೂಲೆಯಲ್ಲೊಬ್ಬ ಗಂಡಸು. ಕನ್ನಡಕಕ್ಕೆ
ಮಾತ್ರೆ ಹಾಳೆಯ ಎರಡು ಖಾಲಿ ಗುಳಿ,
ಬಾಯಿಗೆ ಅಡ್ಡಕ್ಕೊಂದು ಮುರಿದ ಬೀಡಿ.
ನೋಡುತ್ತ ನೋಡುತ್ತ ನನ್ನ ಕಿವಿ ಬಿಸಿಯಾಯಿತು.
"ನೀವೇ," ಅಂದಳು. "ಬೀಡಿಯೂ ನೀವೇ ಮುರಿದದ್ದು.
ಹೆಕ್ಕಿ ತಂದಿದ್ದೆ. ಬೈಯಲಿಕ್ಕೆ ಅಂತಲೇ ಸುರು ಮಾಡಿದ್ದು ಮಾರಾಯರೇ,
ಮೂಗು ಚಂದ ಬಂತು, ಬೈಯಲಿಕ್ಕೆ ಮರೆತೇಹೋಯಿತು."

ಬೆರಳಿಗೆ ದಿನಕ್ಕೆ ಎಂಟುನೂರು ಸುತ್ತಿ ಅಭ್ಯಾಸ,
ಸುಮ್ಮನೆ ಕೂತರೆ ನೋಯುತ್ತದಂತೆ.
ಗೋಣಿಯ ಚೂರು ಮುಗಿದ ಮೇಲೆ ಈಗ ಹಾಲಿನ ತೊಟ್ಟೆ,
ಮೀನಿನ ಬಾಕ್ಸಿನ ಥರ್ಮಾಕೋಲು,
ಐತಣ್ಣನ ಮೊಮ್ಮಗಳು ಶಮಿತಾ ತಂದು ಸುರಿಯುವ
ಬಹುಮಾನ ಬಾರದ ಲಾಟರಿ ಟಿಕೇಟು.
ಅಜ್ಜನ ದುಡ್ಡು ಹೋದಷ್ಟೂ
ಇವರ ನವಿಲಿಗೆ ಗರಿ.

ಆ ಹುಡುಗಿ ನನಗೂ ಒಂದು ಕತ್ತರಿ ಕೊಟ್ಟಳು.
ಸ್ಕೇಲು ಕೇಳಿದೆ. ನಕ್ಕಳು.
ಅಂದಾಜಿನಲ್ಲೇ ಅಳೆದು, ಗೆರೆ ಎಳೆದು
ಬೆವರಿ ಕತ್ತರಿಸಿದೆ ಒಂದು ಹಕ್ಕಿ.
ಪೂವಕ್ಕ ಎತ್ತಿದಳು. ಹೆಬ್ಬೆರಳಲ್ಲಿ ಒತ್ತಿದಳು.
ಬೆಳಕಿಗೆ ತಿರುಗಿಸಿದಳು.
ಸಾಲಿನಲ್ಲಿ ನಾನೊಬ್ಬನೇ. ರೆಪ್ಪೆ ಬಡಿಯಿತು.
"ಇದು ಹಾರುವುದಿಲ್ಲ," ಅಂದಳು, "ಆಫೀಸಿಗೆ ಹೊರಟ ಹಾಗಿದೆ."
ಮುರಿಯಲಿಲ್ಲ.
ತಲೆಕೆಳಗು ಮಾಡಿ ನವಿಲಿನ ಕಾಲಬುಡಕ್ಕೆ ಇಟ್ಟಳು, ಕಲ್ಲಾಯಿತು.
ಒಳ್ಳೆಯ ಕಲ್ಲು. ನವಿಲು ನಿಂತಿತು.

ರುಜು ಹಾಕಿದೆ: ಪೂವಮ್ಮ, ಪೂವು, ಒಬ್ಬಳೇ.
ಬರೆದ ಮೇಲೆ ಅನುಮಾನ ಬಂತು,
ನಾನು ಅಷ್ಟು ವರ್ಷ ಎಣಿಸಿಕೊಂಡದ್ದು
ಇವಳ ಕೈಯನ್ನೇ ಹೌದೇ?

ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು.
ಟಿಕೇಟು ಬೆರಳ ನಡುವೆ ಸುಮ್ಮನಿರಲಿಲ್ಲ,
ಶಿರಿಯ ಸಂಕ ದಾಟುವಾಗ ಅದಕ್ಕೊಂದು ಕೊಕ್ಕು.
ಬಂದ್ಯೋಡಿನಲ್ಲಿ ಹತ್ತಿದ ಒಬ್ಬ ಖಾಕಿಯವ, ಚೆಕ್ಕರ್,
ಕೈ ಚಾಚಿದ. ಹಕ್ಕಿ ಕೊಟ್ಟೆ.
ಅತ್ತ ನೋಡಿದ, ಇತ್ತ ನೋಡಿದ,
ನನ್ನ ಹಾಗೆಯೇ ಬೆಳಕಿಗೆ ಹಿಡಿದ,
ಆಮೇಲೆ ಒಂದೊಂದೇ ಮಡಿಕೆ ಬಿಚ್ಚಿ ನಂಬರು ಓದಿ
ಚಪ್ಪಟೆ ಮಾಡಿ ವಾಪಸು ಕೊಟ್ಟ.

ಉಪ್ಪಳಕ್ಕೆ ಇನ್ನೂ ಎರಡು ಸ್ಟಾಪಿತ್ತು.
ಮತ್ತೆ ಮಡಚಿದೆ.
ಈ ಸಲ ಕುತ್ತಿಗೆ ಉದ್ದ ಬಂತು.