ಕಲ್ಲು ಕಿತ್ತು ನೆಡುವ ಕೆಲಸ

ಹದಿಮೂರು ವರ್ಷದ ಕೆಳಗೆ ನಾನೇ ನೆಟ್ಟದ್ದು ಇವನ್ನ,
ಕೋಟೆಯ ಹೊರಗೋಡೆಗೆ ಒತ್ತಿ, ಕಂದಕದ ಗುಂಟ,
ಒಟ್ಟು ನಲವತ್ತೊಂದು. ಸುಣ್ಣ ಬಳಿದು
ಕೆಂಪಕ್ಷರ ಬರೆದವನೂ ನಾನೇ.
ಏಳನೆಯದರಲ್ಲಿ 'ಸಂರಕ್ಷಿತ'ದ ಕ್ಷ ಸೊಟ್ಟಗಿದೆ,
ಅವತ್ತು ಜ್ವರ ಇತ್ತು.

ಈಗ ಕೀಳು ಅಂದಿದ್ದಾರೆ. ಉದ್ಯಾನ ದೊಡ್ಡದಾಗುತ್ತದಂತೆ.
ಹಾರೆ ಹಾಕಿದರೂ ಸಲೀಸಾಗಿ ಏಳುವುದಿಲ್ಲ,
ಬುಡದಲ್ಲಿ ಬೇರು, ಇರುವೆ, ಹಾವಿನ ಪೊರೆ,
ಒಂದರ ಕೆಳಗೆ ನಾನೇ ಕಳಕೊಂಡ ಕರಣೆ.
ತುಕ್ಕು ತಿಂದಿತ್ತು. ಆದರೂ ಸಿಕ್ಕಿತಲ್ಲ.

ಸರ್ವೆಯರ್ ವಿಠೋಬ ಗುನಗಾ ಹುಲ್ಲಿನ ಮೇಲೆ ನಕ್ಷೆ ಹಾಸಿ
ಬೆರಳಿಟ್ಟು ತೋರಿಸುತ್ತಾನೆ:
ಹಳೆಯ ಗೆರೆ ಒಂದು ಮುಷ್ಟಿಯಷ್ಟು.
ಹೊಸದು ಗುಡ್ಡದ ಬೆನ್ನಿಳಿದು, ನಾಗಬನ ಬಳಸಿ,
ಗಜನಿ ಗದ್ದೆಯ ಬದುವಿನ ಮೇಲೆ ನಡೆದು
ಕಾಂಡ್ಲಾ ಕಾಡು ಹೊಕ್ಕು
ಅಘನಾಶಿನಿಯ ಉಪ್ಪುನೀರಲ್ಲಿ ಕಾಲು ತೊಳೆಯುತ್ತದೆ.
"ಹೊಳೆ ಇಲ್ದಿದ್ರೆ ಮಾರಾಯಾ,
ಕೋಟೆ ಇಲ್ಲಿ ಯಾಕಿತ್ತು ಹೇಳು?"
ಮಾತು ಸರಿ. ಮೆಣಸು ಹೋದದ್ದು ನೀರಿನ ಮೇಲೇ.
ಬುರುಜಿನ ಕಾವಲಿನವರು ಕಣ್ಣಿಟ್ಟದ್ದು
ಗೋಡೆಗಲ್ಲ, ಭರತಕ್ಕೆ.

ನನಗೆ ಸಿಟ್ಟಿಲ್ಲ.
ಆಚೆ ದಂಡೆಯ ಸಿಗಡಿ ಹೊಂಡಗಳನ್ನ ನೋಡಿದ್ದೇನೆ,
ಔಷಧಿಯ ವಾಸನೆ, ನೀಲಿ ಬಲೆ, ಬೇಲಿಗೆ ಕರೆಂಟು.
ಗೆರೆ ಬರದಿದ್ದರೆ ಬರುತ್ತಿದ್ದದ್ದು ಜೆಸಿಬಿ.

ಗುಡ್ಡದ ಮೇಲೆ ಹದಿನೆಂಟು ಸುಲಭವಾಗಿ ನಿಂತವು.
ಬಿಡಿಸಿ ಹೇಳಬೇಕಾದ್ದು ಹತ್ತೊಂಬತ್ತನೆಯದು.
ಗೆರೆ ನಮ್ಮ ಕೇರಿಗೆ ಬಂತು,
ನಮ್ಮದೇ ಬಾವಿಕಟ್ಟೆಯ ಆಚೆ ಮೂರು ಮಾರು.
ಆ ಕಟ್ಟೆಯ ಚಿರೇಕಲ್ಲು
ಅಜ್ಜ ಬೆಳುದಿಂಗಳಲ್ಲಿ ಕೋಟೆಯಿಂದ ಹೊತ್ತು ತಂದದ್ದು.
ಯಾರ ಮನೆಯದು ಅಲ್ಲ ಹೇಳಿ?
ಜಟ್ಟಿ ಅಂಬಿಗನ ಹೊಸ್ತಿಲು ಬುರುಜಿನದು,
ಮಸೀದಿಯ ಹೌದಿನ ಮೆಟ್ಟಿಲು, ಚೌಡಿಯ ಕಟ್ಟೆ,
ಎಲ್ಲಕ್ಕೂ ಒಂದೇ ಉಳಿಯ ಗುರುತು.
ನಾನು ಹೇಳಲಿಲ್ಲ. ಗುನಗಾನಿಗೆ ಗೊತ್ತಿತ್ತು, ನಕ್ಕ.
ಕದ್ದ ಕಲ್ಲು ಒಂದೂ ಕದಲಲಿಲ್ಲ,
ಕೋಟೆಯೇ ನಡೆದು ಬಂದು
ಎಲ್ಲವನ್ನೂ ಒಳಗೆ ಹಾಕಿಕೊಂಡಿತು.
ಅಜ್ಜ ಇದ್ದಿದ್ದರೆ
ಇಷ್ಟು ವರ್ಷ ಕಾಯ್ದ ಕೂಲಿ ಕೇಳುತ್ತಿದ್ದ.

ಒಳಗಾದವರು ನಾವು ಏನಾಗುತ್ತೇವೆ?
ಪಂಚಾಯ್ತಿಯಲ್ಲಿ ಕೇಳಿದೆವು. ಆಫೀಸರು ಒಳ್ಳೆಯವರು,
ಬೆವರೊರೆಸಿಕೊಂಡು ಪುಟ ತಿರುವಿದರು.
ನೀರುನಾಯಿ ಇತ್ತು, ಮಿಂಚುಳ್ಳಿ ನಾಲ್ಕು ಜಾತಿ ಇತ್ತು,
ಕಗ್ಗ ಭತ್ತವೂ ಇತ್ತು, ಬೆಳೆಯುವವನ ಹೆಸರಿಲ್ಲದೆ.
"ಈಗ ಇದ್ದ ಹಾಗೇ ಇರಬಹುದು" ಅಂದರು.
ಯಾವ ಈಗ, ಎಂದು ಬುದವಂತಿ ಎದ್ದಳು,
ಭರತದ್ದೋ ಇಳಿತದ್ದೋ?
ಪ್ರಶ್ನೆಯನ್ನ ಬರೆದುಕೊಂಡು ಹೋದರು.

ಕೊನೆಯ ಮೂರು ಕಲ್ಲು ಕೆಸರಿಗೆ.
ಇಳಿತ ನೋಡಿ ದೋಣಿಯಲ್ಲಿ ಒಯ್ದು
ಸೊಂಟದಾಳ ತೋಡಿ ನಿಲ್ಲಿಸಿದೆವು.
ಬಳಚು ಹೆಕ್ಕುವ ಹೆಂಗಸರು ಬಗ್ಗಿದಲ್ಲಿಂದಲೇ ಕೇಳಿದರು:
"ಇದ್ರ ಈಚೆ ಬಳಚು ಸರ್ಕಾರದ್ದಾ?"
"ಅದು ತೆವಳಿ ಆಚೆ ಹೋದ್ರೆ?"
ನಗು ಕಾಂಡ್ಲಾದ ಬೇರುಗಳ ನಡುವೆ
ಏಡಿಯ ಹಾಗೆ ಅಡ್ಡಡ್ಡ ಓಡಿತು.
ಮರುದಿನ ಹೋದರೆ ಒಂದು ವಾಲಿತ್ತು,
ಒಂದರ ನೆತ್ತಿಯಲ್ಲಿ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು,
ಒಂದು ಇರಲೇ ಇಲ್ಲ.
'ನೆಡಲಾಗಿದೆ' ಎಂದು ಗುನಗಾ ಬರೆದ.
ಸುಳ್ಳಲ್ಲ.

ಅಕ್ಷರ ಹೊರಮುಖ ಇರಬೇಕೆಂದು ಆರ್ಡರು,
ಹೊರಗಿನವರು ಓದಲಿಕ್ಕೆ.
ಹಾಗಾಗಿ ಬಾವಿಯ ಹಿಂದಿನದಕ್ಕೆ ಬಣ್ಣ ಬಳಿಯುವಾಗ
ನಾನು ನನ್ನ ಮನೆಯ ಹೊರಗೆ, ಉದ್ಯಾನದ ಹೊರಗೆ,
ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ.
ಒಳಗಿನಿಂದ ಹೆಂಡತಿ
ಕಲ್ಲಿನ ಮೇಲೆ ಚಾ ಲೋಟ ಇಟ್ಟು ಹೋದಳು,
ಹಸಿ ಸುಣ್ಣದಲ್ಲಿ ಒಂದು ಉಂಗುರ ಬಿತ್ತು.
ಅದು ಹಳೆಯ ಏಳನೇ ಕಲ್ಲು.
ಉಂಗುರ ಅಳಿಸಲಿಲ್ಲ,
ಕ್ಷ-ವನ್ನೂ ಹಾಗೇ ತಿದ್ದದೆ ಬಿಟ್ಟೆ.