ಓದುವವನ ಪಾಲು

ಮಂಜೇಶ್ವರದ ಬೀಡಿ ಶೆಡ್ಡಿನಲ್ಲಿ
ಇಪ್ಪತ್ತಾರು ಮೊರ, ಒಂದು ಸ್ಟೂಲು.
ಸ್ಟೂಲಿನ ಮೇಲೆ ತನಿಯಪ್ಪಣ್ಣ.
ಅವನು ಎಲೆ ಮುಟ್ಟುವುದಿಲ್ಲ, ಓದುತ್ತಾನೆ;
ಅವನ ಕೂಲಿಗೆಂದು ತಲೆಗೆ ಇಪ್ಪತ್ತು ಬೀಡಿ
ಬದಿಗೆ ಎತ್ತಿಡುವುದು.

ಆ ವರ್ಷ ಪೇಪರಿನಲ್ಲಿ ಓದಲು ಏನೂ ಇರಲಿಲ್ಲ.
ಎಲ್ಲ ಪುಟದಲ್ಲೂ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು,
ಮಂಜೇಶ್ವರಕ್ಕೆ ಮಾತ್ರ ತಡ.
ಒಂದು ದಿನ ಕ್ಯಾಲೆಂಡರಿನ ಹಾಳೆ ಹೊದಿಸಿದ
ತೆಳ್ಳನೆಯ ಪುಸ್ತಕ ತಂದ:
ಜರ್ಮನಿಯವನೊಬ್ಬನ ಜೀವನ, ಏಮಿಲ್ ಹಾರ್ಟ್‌ವಿಗ್.
ಮರುದಿನಕ್ಕೆ ಬೀಫಾತಿಮ್ಮನ ಬಾಯಲ್ಲಿ ಅವನು ಏಮಿಲಿಚ್ಚ,
ನಮಗೆ ಏಮಿಲಣ್ಣ.

ಹತ್ತು ವರ್ಷಕ್ಕೇ ಚುರುಟು ಸುತ್ತಲು ಕುಳಿತವನಂತೆ.
ಅಲ್ಲಿಯೂ ಒಬ್ಬ ಓದುತ್ತಿದ್ದನಂತೆ,
ಉಳಿದವರು ಅವನ ಪಾಲು ಸುತ್ತಿಕೊಡುತ್ತಿದ್ದರಂತೆ.
ಕತ್ತರಿಗಳು ನಿಂತವು.
"ಆ ಸಾಲು ಇನ್ನೊಮ್ಮೆ ಓದು" ಎಂದಳು ದೇಜಮ್ಮ,
ತಪ್ಪು ಲೆಕ್ಕ ಹಿಡಿದವಳ ಹಾಗೆ.
ಇನ್ನೊಮ್ಮೆ ಓದಿದ. ಉಂಟು.

ಆಮೇಲೆ ಸಂಘ ಕಟ್ಟಿದ, ಚುನಾವಣೆ ಗೆದ್ದ.
ಸಭಾಭವನ ಸುಟ್ಟುಹೋಗಿ
ನಾಟಕಶಾಲೆಯಲ್ಲಿ ಮತ ಕೇಳಿದ ದಿನ,
ಬಾಗಿಲು ಬಾಗಿಲಿಗೂ ಕಂದು ಅಂಗಿಯವರು ನಿಂತಿರಲು,
ಬೇಡ ಎಂದು ಮತ ಹಾಕಿದ.
ಕಂದು ಎಂದರೆ ಯಾವುದು? ಕೇಳಿದ ಅಂಬಾಡಿ.
ತನಿಯಪ್ಪಣ್ಣ ಕಿಟಕಿಯಾಚೆ ಒಮ್ಮೆ ನೋಡಿ
ಒಣ ಎಲೆಯೊಂದನ್ನು ಎತ್ತಿ ತೋರಿಸಿದ.

ಶಿಬಿರದ ಗೇಟಿನಲ್ಲಿ ಕೇಳಿದರು: ಕೆಲಸ?
ಪಾರ್ಲಿಮೆಂಟಿನ ಮೆಂಬರ್ ಎನ್ನಲಿಲ್ಲ ಅವನು.
ಚುರುಟು ಸುತ್ತುವುದು, ಎಂದ.
ಹಾಗಾದರೆ ಬೆರಳು ತೋರಿಸು, ಎಂದರು.

ಅಲ್ಲಿಗೆ ಪುಟದ ಮೂಲೆ ಮಡಚಿದ;
ಸಂಜೆಯ ಲೆಕ್ಕ ಒಪ್ಪಿಸುವ ಹೊತ್ತು.
ರಾತ್ರಿ ಜೀಪು ಬಂತು. ಪುಸ್ತಕವನ್ನೂ ಒಯ್ದಿತು.

ಕತ್ತರಿಗೆ ಅಷ್ಟು ಸದ್ದು ಉಂಟೆಂದು
ನಮಗೆ ಗೊತ್ತೇ ಇರಲಿಲ್ಲ.
ಸಂಜೆ ತಲೆಗೆ ಇಪ್ಪತ್ತು ಬದಿಗಿಟ್ಟೆವು.
"ಓದೇ ಇಲ್ಲ, ಇದು ಯಾರಿಗೆ?" ಮೇಸ್ತ್ರಿ ಕೇಳಿದ.
ಯಾರೂ ಮೊರದಿಂದ ಮುಖ ಎತ್ತಲಿಲ್ಲ.
ಹದಿನಾಲ್ಕು ತಿಂಗಳು ಅವನ ಹೆಂಡತಿ ಬಂದು
ಓದಿನ ಕೂಲಿ ಎಣಿಸಿಕೊಂಡು ಹೋದಳು.

ಕತೆ ಮಾತ್ರ ಸುಮ್ಮನಿರಲಿಲ್ಲ.
ಬೀಫಾತಿಮ್ಮ ಅವನನ್ನು ಬಿಡಿಸಿದಳು, ಹಡಗು ಹತ್ತಿಸಿದಳು,
ಕುಂಬಳೆಯ ಅಳಿವೆಯವರೆಗೂ ತಂದಳು.
ಬೆರಳಿಲ್ಲದವ ಇಲ್ಲಿ ಬಂದು ಎಂತ ಮಾಡುವುದು?
ದೇಜಮ್ಮ ಒಪ್ಪಲಿಲ್ಲ.
ಅಂಬಾಡಿ ಅವನನ್ನು ಮೂರು ಸಲ ಕೊಂದ;
ಮೂರು ಸಲವೂ ನಾವು ಬೈದು ಎಬ್ಬಿಸಿದೆವು.
ನಾನು ಹದಿಮೂರರವಳು, ನೂಲು ಕಟ್ಟುವವಳು,
ನನ್ನನ್ನು ಯಾರೂ ಕೇಳಲಿಲ್ಲ.

ತನಿಯಪ್ಪಣ್ಣ ತಿರುಗಿ ಬಂದಾಗ
ಬಲಗೈಗೆ ತೋರ್ತು ಸುತ್ತಿತ್ತು.
ಏಮಿಲಣ್ಣನಿಗೆ ಕೊನೆಗೆ ಎಂತಾಯಿತು?
ಹೇಗಿದ್ದೀಯ ಎನ್ನುವುದಕ್ಕೂ ಮೊದಲು ಅದನ್ನೇ ಕೇಳಿದೆವು.
ಅವನಿಗೆ ನಗು. "ನನಗೆಲ್ಲಿ ಗೊತ್ತು?
ನಾನೂ ನಿಮ್ಮೊಟ್ಟಿಗೇ ಓದುತ್ತಿದ್ದವ.
ಮುಂದಿನ ಪುಟ ಕದ್ದು ನೋಡುವ ಅಭ್ಯಾಸ ಇಲ್ಲ."

ಸ್ಟೂಲಿನ ಮೇಲೆ ಕೂತ. ಚುನಾವಣೆಯ ಪೇಪರು, ಅಗಲದ್ದು,
ಒಂದು ಕೈಗೆ ನಿಲ್ಲಲಿಲ್ಲ.
ನನ್ನನ್ನು ಕರೆದ. ಇನ್ನೊಂದು ತುದಿ ಹಿಡಿದು ನಿಂತೆ,
ಅವನು ಓದಿ ಮುಗಿಸುವ ತನಕ.

ಆ ಸಂಜೆ ನನ್ನ ಲೆಕ್ಕದಲ್ಲಿ ಎಂಟು ಕಟ್ಟು ಕಡಿಮೆ ಬಿತ್ತು.
ಮೇಸ್ತ್ರಿ ಬೈದ.